ಬಿಸಿಲಿಗೆ ಸತ್ತವರ ಲೆಕ್ಕ

ಮೊಗಲ್ ದೊರೆ ಜಹಾಂಗೀರನಿಗೆ ಅಹಮದಾಬಾದ್ ಹಿಡಿಸಲಿಲ್ಲ. 1618ರಲ್ಲಿ ಗುಜರಾತಿಗೆ ಬಂದಿದ್ದ ಆತ ಬೇಸಿಗೆಯನ್ನು ಆ ಊರಿನಲ್ಲೇ ಕಳೆಯಬೇಕಾಗಿ ಬಂತು. ಎಲ್ಲಿ ನೋಡಿದರೂ ಧೂಳು, ಬಿಸಿಗಾಳಿ, ಜ್ವರ. ದೊರೆ ಹಾಸಿಗೆ ಹಿಡಿದ, ಮಗ ಷಾಜಹಾನನೂ ಹಿಡಿದ, ದಂಡಿನಲ್ಲಿದ್ದ ಎಷ್ಟೋ ಮಂದಿ ಮಲಗಿದರು. ಊರಿಗೆ ಆತ 'ಗರ್ದಾಬಾದ್', ಅಂದರೆ ಧೂಳೂರು ಎಂದು ಮೊದಲೇ ಹೆಸರಿಟ್ಟಿದ್ದ. ಆ ಬೇಸಿಗೆ ಕಂಡ ಮೇಲೆ ಅದೂ ಸಾಲದಾಯಿತು. 'ಸಮೂಮಿಸ್ತಾನ್' (ಬಿಸಿಗಾಳಿಯ ನಾಡು) ಎನ್ನಲೇ, 'ಬೀಮಾರಿಸ್ತಾನ್' (ರೋಗಿಗಳ ನಾಡು) ಎನ್ನಲೇ, ಅಥವಾ ನೇರವಾಗಿ 'ಜಹನ್ನುಮಾಬಾದ್' (ನರಕದೂರು) ಎಂದೇ ಬಿಡಲೇ ಎಂದು ತನ್ನ ಆತ್ಮಕಥನ 'ತುಜುಕ್'ನಲ್ಲಿ ಗೊಣಗಿಕೊಂಡಿದ್ದಾನೆ.

ಕಾಶ್ಮೀರದ ತಂಪನ್ನು ಅಷ್ಟೊಂದು ಮೆಚ್ಚಿದ ರಸಿಕನಿಗೆ ಸಾಬರಮತಿಯ ದಡ ಹಾಗೆ ಕಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯದ ಸಂಗತಿ ಬೇರೆ ಇದೆ. ಸುಮಾರು ನಾಲ್ಕು ನೂರು ವರ್ಷಗಳ ನಂತರ, 2013ರಲ್ಲಿ, ಬೇಸಿಗೆಯ ಬಿಸಿಲನ್ನು ಎದುರಿಸಲು ದಕ್ಷಿಣ ಏಷ್ಯಾದಲ್ಲೇ ಮೊದಲ ಬಾರಿಗೆ ಒಂದು ಲಿಖಿತ ಯೋಜನೆ ಮಾಡಿಕೊಂಡ ನಗರವೂ ಇದೇ 'ನರಕದೂರು'. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ನಗರಗಳು ಬದುಕುವುದು ಹೇಗೆ ಎಂಬ ಚರ್ಚೆ ಜಗತ್ತಿನ ಯಾವ ಮೂಲೆಯಲ್ಲಿ ನಡೆದರೂ ಅಹಮದಾಬಾದಿನ ಹೆಸರು ಬರುತ್ತದೆ. ಈ ಕೀರ್ತಿ ತಂದದ್ದು ದೊಡ್ಡ ಕಟ್ಟಡವಲ್ಲ, ಅಣೆಕಟ್ಟೆಯಲ್ಲ. ಸತ್ತವರ ನೋಂದಣಿ ಪುಸ್ತಕಗಳನ್ನು ಕೂತು ಎಣಿಸಿದ ಕೆಲವು ಸಂಶೋಧಕರ ಲೆಕ್ಕ.

ಹಳೆಯ ಊರಿನ ಉಪಾಯ

ಬಿಸಿಲಿಗೆ ಉತ್ತರ ಹುಡುಕುವ ಕೆಲಸ ಅಹಮದಾಬಾದಿಗೆ ಹೊಸದೇನಲ್ಲ. 1411ರಲ್ಲಿ ಸುಲ್ತಾನ ಅಹಮದ್ ಷಾ ಕಟ್ಟಿಸಿದ ಈ ನಗರದ ಹಳೆಯ ಭಾಗದಲ್ಲಿ 'ಪೋಳ್' ಎನ್ನುವ ಕೇರಿಗಳಿವೆ. ಒಂದೇ ಹೆಬ್ಬಾಗಿಲು, ಒಳಗೆ ಇಕ್ಕಟ್ಟಾದ ಓಣಿ, ಎರಡೂ ಬದಿಗೆ ಒಂದಕ್ಕೊಂದು ಗೋಡೆ ಹಂಚಿಕೊಂಡ ಎತ್ತರದ ಮನೆಗಳು. ಓಣಿ ಎಷ್ಟು ಕಿರಿದೆಂದರೆ ನಡು ಮಧ್ಯಾಹ್ನದ ಸ್ವಲ್ಪ ಹೊತ್ತು ಬಿಟ್ಟರೆ ಉಳಿದಂತೆ ಒಂದಲ್ಲ ಒಂದು ಬದಿಯ ನೆರಳು ಇದ್ದೇ ಇರುತ್ತದೆ. ಮನೆಯ ನಡುವೆ ಆಕಾಶಕ್ಕೆ ತೆರೆದ ಚೌಕ, ನಮ್ಮ ತೊಟ್ಟಿಮನೆಯ ತೊಟ್ಟಿಯ ಹಾಗೆ. ಬಿಸಿಗಾಳಿ ಮೇಲೇರಿ ಹೋಗಲು ಅದೇ ದಾರಿ. ಚೌಕದ ಕೆಳಗೆ 'ಟಾಂಕಾ' ಎಂಬ ನೆಲಮಾಳಿಗೆಯ ತೊಟ್ಟಿ. ಮಳೆಗಾಲದಲ್ಲಿ ಮಾಡಿನಿಂದ ಇಳಿದ ನೀರು ಅಲ್ಲಿ ಸೇರಿ ಬೇಸಿಗೆಗೆ ಒದಗುತ್ತಿತ್ತು. ಈ ಹಳೆಯ ನಗರವನ್ನು ಯುನೆಸ್ಕೊ 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದ ನಗರವೊಂದಕ್ಕೆ ಆ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು.

ಆದರೆ ಊರು ಗೋಡೆಯೊಳಗೆ ಉಳಿಯಲಿಲ್ಲ. ರಣಛೋಡಲಾಲ್ ಛೋಟಾಲಾಲ್ ಅವರ ಮೊದಲ ಹತ್ತಿ ಗಿರಣಿ 1861ರಲ್ಲಿ ತಿರುಗತೊಡಗಿತು. ಮುಂದಿನ ದಶಕಗಳಲ್ಲಿ ಚಿಮಣಿಗಳು ಒಂದರ ಪಕ್ಕ ಒಂದು ಎದ್ದವು, 'ಭಾರತದ ಮ್ಯಾಂಚೆಸ್ಟರ್' ಎಂಬ ಬಿರುದು ಬಂತು. (ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಹೆಸರು ಬಂದದ್ದೂ ಇದೇ ಬಗೆಯಲ್ಲಿ.) ಗಿರಣಿಯ ಒಳಗಿನ ಸೆಕೆ ಹೊರಗಿನದಕ್ಕಿಂತ ಕ್ರೂರ. ಒಣ ಹವೆಯಲ್ಲಿ ನೂಲು ತುಂಡಾಗುತ್ತದೆ ಎಂದು ನೇಯ್ಗೆಯ ಷೆಡ್ಡುಗಳಲ್ಲಿ ಬೇಕೆಂದೇ ತೇವ ಹೆಚ್ಚಿಸಿ ಇಡುತ್ತಿದ್ದರು. 1966ರಲ್ಲಿ ಕಾರ್ಮಿಕರ ಆರೋಗ್ಯ ಕುರಿತ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಈ ಊರಿನಲ್ಲೇ ಆರಂಭವಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

1980 ಮತ್ತು 90ರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಐವತ್ತಕ್ಕೂ ಹೆಚ್ಚು ಗಿರಣಿಗಳು ಮುಚ್ಚಿ, ಸುಮಾರು ಒಂದು ಲಕ್ಷ ಕಾರ್ಮಿಕರು ಬೀದಿಗೆ ಬಿದ್ದರು. 'ಬೀದಿಗೆ ಬಿದ್ದರು' ಎಂಬುದು ಇಲ್ಲಿ ಬರೀ ಮಾತಿನ ರೂಢಿಯಲ್ಲ. ಎಷ್ಟೋ ಮಂದಿ ನಿಜಕ್ಕೂ ಬೀದಿಯಲ್ಲೇ ದುಡಿಯುವವರಾದರು. ತಳ್ಳುಗಾಡಿ, ಆಟೋರಿಕ್ಷಾ, ತಲೆಹೊರೆ, ಗಾರೆ ಕೆಲಸ. ವಾಸ ಗಿರಣಿ ಸುತ್ತಲಿನ ಚಾಳುಗಳಲ್ಲಿ, ತಗಡಿನ ಇಲ್ಲವೆ ಸಿಮೆಂಟ್ ಷೀಟಿನ ಮಾಡಿನ ಕೆಳಗೆ. ಪೋಳ್‌ನ ನೆರಳೂ ಇಲ್ಲ, ಚೌಕವೂ ಇಲ್ಲ. ಬಿಸಿಲು ಹೆಚ್ಚುತ್ತಿರುವ ಕಾಲಕ್ಕೆ ಸರಿಯಾಗಿ ಬಿಸಿಲಿಗೆ ಮೈಯೊಡ್ಡುವವರ ಸಂಖ್ಯೆಯೂ ಹೆಚ್ಚಿತು. ಮುಂದೆ ಆದದ್ದನ್ನು ಅರಿಯಲು ಇಷ್ಟು ಹಿನ್ನೆಲೆ ಬೇಕು.

ಎಣಿಸುವ ವಿದ್ಯೆ

ಪ್ರವಾಹ ಬಂದರೆ ಹೆಣ ತೇಲುತ್ತದೆ, ಭೂಕಂಪವಾದರೆ ಅವಶೇಷದಡಿ ಸಿಗುತ್ತದೆ. ಬಿಸಿಲಿನ ಸಾವು ಹಾಗಲ್ಲ. ನಮ್ಮ ಮೈ ಬೆವರಿನ ಮೂಲಕ ಶಾಖವನ್ನು ಹೊರಹಾಕುತ್ತದೆ. ಅದಕ್ಕಾಗಿ ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ನೂಕಬೇಕು, ಮೂತ್ರಪಿಂಡ ಇದ್ದ ನೀರನ್ನು ಕಾಪಾಡಿಕೊಳ್ಳಬೇಕು. ದುರ್ಬಲ ಹೃದಯವಿದ್ದವರು ಈ ಹೊರೆ ತಾಳದೆ ಹೋಗುತ್ತಾರೆ. ಮೈಯೊಳಗಿನ ಶಾಖ 40 ಡಿಗ್ರಿ ದಾಟಿ ಎಚ್ಚರ ತಪ್ಪಿದರೆ ಅದನ್ನು ಶಾಖಾಘಾತ ಎಂದು ವೈದ್ಯರು ಗುರುತಿಸುತ್ತಾರೆ, ಸರಿ. ಆದರೆ ಬಹುಪಾಲು ಮಂದಿ ಅಲ್ಲಿಗೆ ಮುಟ್ಟುವ ಮೊದಲೇ ಹೃದಯಾಘಾತದಿಂದಲೋ ಮೂತ್ರಪಿಂಡದ ತೊಂದರೆಯಿಂದಲೋ ಸಾಯುತ್ತಾರೆ. ಸಾವಿನ ಪತ್ರದಲ್ಲಿ ಅಷ್ಟೇ ಬರೆಯಲಾಗುತ್ತದೆ. ಬಿಸಿಲಿನ ಹೆಸರು ಅಲ್ಲಿರುವುದಿಲ್ಲ.

ಹಾಗಾದರೆ ಬಿಸಿಲನ್ನು ಹಿಡಿಯುವುದು ಹೇಗೆ? ಇದಕ್ಕೆ ಬೇಕಾದ ವಿದ್ಯೆ ಹುಟ್ಟಿದ್ದು ಬಿಸಿಲೇ ಕಾಣದ ಲಂಡನ್ನಿನಲ್ಲಿ. ಜಾನ್ ಗ್ರಾಂಟ್ ಎಂಬ ಜವಳಿ ವ್ಯಾಪಾರಿ 1662ರಲ್ಲಿ ಆ ನಗರದ ಸಾವಿನ ಪಟ್ಟಿಗಳನ್ನು ಗುಡ್ಡೆ ಹಾಕಿಕೊಂಡು, ಯಾವ ವರ್ಷ ಎಷ್ಟು ಮಂದಿ, ಯಾವ ಕಾರಣಕ್ಕೆ ಸತ್ತರು ಎಂದು ಪುಸ್ತಕ ಬರೆದ. ಎರಡು ಶತಮಾನ ಕಳೆದು ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞ 1847ರ ಇನ್‌ಫ್ಲುಯೆಂಜಾ ಬಂದಾಗ ಒಂದು ಸರಳ ಉಪಾಯ ಮಾಡಿದ. ಕಾಯಿಲೆಯ ಹೆಸರು ಬರೆದದ್ದನ್ನು ನಂಬುವ ಬದಲು, ಆ ವಾರಗಳಲ್ಲಿ ಸಾಮಾನ್ಯವಾಗಿ ಸಾಯುವವರೆಷ್ಟು, ಈಗ ಸತ್ತವರೆಷ್ಟು ಎಂದು ನೋಡಿದ. ವ್ಯತ್ಯಾಸವೇ ಕಾಯಿಲೆಯ ಪಾಲು. ಕೋವಿಡ್ ಕಾಲದಲ್ಲಿ ಪತ್ರಿಕೆ ಓದಿದ ಎಲ್ಲರಿಗೂ 'ಹೆಚ್ಚುವರಿ ಸಾವು' ಎಂಬ ಮಾತು ಪರಿಚಯವಾಯಿತಷ್ಟೆ. ಅದರ ಮೂಲ ಇದು.

ನಗರಗಳು ಸುತ್ತಲಿನ ಹಳ್ಳಿಗಳಿಗಿಂತ ಬಿಸಿ ಎಂಬುದನ್ನು ಮೊದಲು ಅಳೆದು ತೋರಿಸಿದ್ದೂ ಲಂಡನ್ನಿನವರೇ. ಔಷಧ ತಯಾರಿಕೆಯ ವೃತ್ತಿಯ ಲ್ಯೂಕ್ ಹೊವಾರ್ಡ್‌ಗೆ ಹವೆಯ ಹುಚ್ಚು. ಮೋಡಗಳಿಗೆ ನಾವಿಂದು ಬಳಸುವ ವೈಜ್ಞಾನಿಕ ಹೆಸರುಗಳನ್ನು ಕೊಟ್ಟವನು ಆತನೇ. ಪಟ್ಟಣದ ಒಳಗಿನ ಮತ್ತು ಹೊರವಲಯದ ಉಷ್ಣತೆಯನ್ನು ವರ್ಷಗಟ್ಟಲೆ ಹೋಲಿಸಿ ಲಂಡನ್ನಿನ ಹವಾಗುಣದ ಬಗ್ಗೆ ಆತ ಪ್ರಕಟಿಸಿದ ಪುಸ್ತಕದ ಮೊದಲ ಸಂಪುಟ 1818ರದು. ರಾತ್ರಿ ಹೊತ್ತು ಪಟ್ಟಣ ಹಳ್ಳಿಗಿಂತ ಸರಾಸರಿ 3.7 ಫ್ಯಾರನ್‌ಹೀಟ್ ಡಿಗ್ರಿ, ಅಂದರೆ ಸುಮಾರು 2 ಸೆಲ್ಷಿಯಸ್ ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ ಎಂದು ಕಂಡುಕೊಂಡ. ಹಗಲಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಕಲ್ಲು, ಇಟ್ಟಿಗೆ ಹಗಲು ಹೀರಿದ ಶಾಖವನ್ನು ಇರುಳು ಬಿಟ್ಟುಕೊಡುತ್ತವೆ ಎಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಇರುಳಿನ ಈ ಶಾಖವನ್ನು ನಗರಗಳು ಗಂಭೀರವಾಗಿ ತೆಗೆದುಕೊಳ್ಳಲು ಇನ್ನೂರು ವರ್ಷ ಬೇಕಾಯಿತು.

ಷಿಕಾಗೊ ಪಾಠ

ಬಿಸಿಲಿನಿಂದ ಜನ ಸಾಯುವುದು ಬಡ ದೇಶಗಳ ಪಾಡು ಎಂದುಕೊಂಡಿದ್ದ ಅಮೆರಿಕಕ್ಕೆ 1995ರ ಜುಲೈ ಆಘಾತ ತಂದಿತು. ಷಿಕಾಗೊ ನಗರದಲ್ಲಿ ಪಾದರಸ 41 ಡಿಗ್ರಿ ಮುಟ್ಟಿತು. ನಮ್ಮ ರಾಯಚೂರಿನವರು ನಗಬಹುದು. ಆದರೆ ಆ ಊರಿಗೆ ಅದು ರೂಢಿಯಿಲ್ಲದ ಬಿಸಿ, ಜೊತೆಗೆ ವಿಪರೀತ ತೇವ, ರಾತ್ರಿಯೂ ಇಳಿಯದ ಸೆಕೆ. ಶವಾಗಾರ ತುಂಬಿ, ಮಾಂಸ ಸಾಗಿಸುವಂಥ ಶೀತಲ ಲಾರಿಗಳಲ್ಲಿ ಹೆಣ ಇಡಬೇಕಾಯಿತು. ಶವಪರೀಕ್ಷಾಧಿಕಾರಿ ಎಡ್ಮಂಡ್ ಡಾನಹ್ಯೂ ನೂರಾರು ಸಾವು ಬಿಸಿಲಿನಿಂದಲೇ ಆದದ್ದು ಎಂದಾಗ ಮೇಯರ್ ರಿಚರ್ಡ್ ಡೇಲಿ ಆ ಲೆಕ್ಕವನ್ನೇ ಅನುಮಾನಿಸಿದರು. ಫಾರ್‌ನ ಹಳೆಯ ವಿಧಾನದಲ್ಲಿ ಎಣಿಸಿ ನೋಡಿದಾಗ ಹೆಚ್ಚುವರಿ ಸಾವು 739 ಎಂದು ಹೊರಬಿತ್ತು. ಅಧಿಕಾರಿ ಹೇಳಿದ್ದು ಹೆಚ್ಚೇನೂ ಆಗಿರಲಿಲ್ಲ, ಕಡಿಮೆಯೇ ಆಗಿತ್ತು.

ಆಮೇಲೆ ಬಂದವರು ಇನ್ನೊಂದು ಮುಖ್ಯ ಪ್ರಶ್ನೆ ಕೇಳಿದರು: ಸತ್ತವರು ಯಾರು? ಸತ್ತವರ ಮನೆಗಳಿಗೂ, ಅದೇ ನೆರೆಹೊರೆಯಲ್ಲಿ ಬದುಕುಳಿದವರ ಮನೆಗಳಿಗೂ ಹೋಗಿ ಹೋಲಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಒಂಟಿಯಾಗಿ ಇದ್ದವರು, ಹಾಸಿಗೆ ಹಿಡಿದವರು, ಮನೆಯಿಂದ ಹೊರಗೆ ಹೋಗದವರು ಹೆಚ್ಚು ಸತ್ತಿದ್ದರು. ಕಟ್ಟಡದ ತುತ್ತತುದಿಯ ಮಹಡಿಯಲ್ಲಿ ಇದ್ದವರೂ ಹೆಚ್ಚು ಸತ್ತಿದ್ದರು. ಈ ಕಡೆಯ ಅಂಶವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. 1999ರಲ್ಲಿ ಮತ್ತೆ ಬಿಸಿಲು ಬಡಿದಾಗ ಷಿಕಾಗೊ ತಂಪು ತಾಣಗಳನ್ನು ತೆರೆಯಿತು, ಒಂಟಿ ವೃದ್ಧರ ಮನೆ ಬಾಗಿಲು ತಟ್ಟಿಸಿತು. ಆ ಸಲ ಸತ್ತವರು ಸುಮಾರು 110. ಬಿಸಿಲು ಮೊದಲಿನಷ್ಟು ಉಗ್ರವಿರಲಿಲ್ಲ ಎಂದು ಒಪ್ಪಿದರೂ ವ್ಯತ್ಯಾಸ ಕಣ್ಣಿಗೆ ಬೀಳುವಂಥದು.

ಫಿಲಡೆಲ್ಫಿಯಾ ನಗರ ಇದಕ್ಕೂ ಮೊದಲೇ ಎಚ್ಚೆತ್ತಿತ್ತು. ಅಲ್ಲಿನ ವೈದ್ಯಕೀಯ ಪರೀಕ್ಷಕ ಹರೇಶ್ ಮೀರ್‌ಚಂದಾನಿ 1993ರ ಜುಲೈನಲ್ಲಿ ಮನೆಯ ಸ್ಥಿತಿ, ಕಿಟಕಿ ಮುಚ್ಚಿತ್ತೇ, ಒಳಗೆ ಎಷ್ಟು ಬಿಸಿ ಇತ್ತು ಎಂಬುದನ್ನೆಲ್ಲ ನೋಡಿ 118 ಸಾವುಗಳನ್ನು ಬಿಸಿಲಿನ ಲೆಕ್ಕಕ್ಕೆ ಬರೆದರು. ಆ ಲೆಕ್ಕದ ಮೇಲೆ 1995ರ ಬೇಸಿಗೆಯಿಂದ ಅಲ್ಲಿ ಬಿಸಿಲಿನ ಮುನ್ನೆಚ್ಚರಿಕೆ ವ್ಯವಸ್ಥೆ ನಡೆಯಿತು. ಫ್ರಾನ್ಸ್ ಮಾತ್ರ 2003ರಲ್ಲಿ ಸುಮಾರು 15,000 ಮಂದಿಯನ್ನು ಕಳೆದುಕೊಂಡ ಮೇಲೆ ಎಚ್ಚೆತ್ತಿತು.

2010ರ ಮೇ ತಿಂಗಳು

ಭಾರತದಲ್ಲಿ ಬಿಸಿಲನ್ನು ವಿಪತ್ತು ಎಂದು ಮೊದಲು ಕಂಡದ್ದು ಒಡಿಶಾ. 1998ರ ಬೇಸಿಗೆಯಲ್ಲಿ ಅಲ್ಲಿ 2,042 ಮಂದಿ ಸತ್ತರೆಂದು ಸರ್ಕಾರಿ ಲೆಕ್ಕವೇ ಹೇಳಿತು. ಆ ರಾಜ್ಯ ಪ್ರಚಾರ, ಅರವಟ್ಟಿಗೆ, ಕೆಲಸದ ವೇಳೆ ಬದಲಾವಣೆ ಎಂದು ಪ್ರಯತ್ನ ನಡೆಸಿತು. ಸಾವು ಇಳಿಯಿತು ಕೂಡ. ಉಳಿದ ಕಡೆ ಬೇಸಿಗೆ ಬಂತು, ಹೋಯಿತು.

ಅಹಮದಾಬಾದಿನಲ್ಲಿ 2010ರ ಮೇ 21ರಂದು ಉಷ್ಣತೆ 46.8 ಡಿಗ್ರಿಗೆ ಏರಿತು. ಆಸ್ಪತ್ರೆ ತುಂಬಿತು, ಸ್ಮಶಾನದಲ್ಲಿ ಸಾಲು ಬೆಳೆಯಿತು. ಆದರೂ 'ಶಾಖಾಘಾತ' ಎಂದು ದಾಖಲೆಯಾದ ಸಾವುಗಳು ಸ್ವಲ್ಪವೇ. ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಡಾ. ದಿಲೀಪ್ ಮಾವಳಂಕರ್ ಮತ್ತು ಸಂಗಡಿಗರು ನಗರಪಾಲಿಕೆಯ ಮರಣ ನೋಂದಣಿಯನ್ನು ಕೈಗೆತ್ತಿಕೊಂಡರು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಮತ್ತು ಒಂದು ಪರಿಸರ ಸಂಸ್ಥೆಯ ತಜ್ಞರೂ ಜೊತೆಗೂಡಿದರು. ಮಾಡಿದ್ದು ಬ್ರಹ್ಮವಿದ್ಯೆಯೇನಲ್ಲ. 2009ರ ಮತ್ತು 2011ರ ಮೇ ತಿಂಗಳ ಸಾವುಗಳನ್ನು ತೆಗೆದುಕೊಂಡು 2010ರ ಮೇ ಜೊತೆ ಹೋಲಿಸಿದರು. ಸಾಮಾನ್ಯವಾಗಿ ಆಗಬೇಕಿದ್ದ ಸಾವು 3,118, ಆದದ್ದು 4,462. ಒಂದೇ ತಿಂಗಳಲ್ಲಿ 1,344 ಹೆಚ್ಚುವರಿ ಸಾವು, ಅಂದರೆ ನೂರಕ್ಕೆ 43ರಷ್ಟು ಹೆಚ್ಚಳ.

ಅಷ್ಟು ಮಂದಿ ರೈಲು ಅಪಘಾತದಲ್ಲಿ ಸತ್ತಿದ್ದರೆ ದೇಶ ತಿಂಗಳುಗಟ್ಟಲೆ ಅದನ್ನೇ ಮಾತನಾಡುತ್ತಿತ್ತು. ಇಲ್ಲಿ ಸತ್ತವರ ಮನೆಯವರಿಗೇ ತಮ್ಮವರನ್ನು ಕೊಂದದ್ದು ಏನೆಂದು ಗೊತ್ತಿರಲಿಲ್ಲ. ಅಜ್ಜ ವಯಸ್ಸಾಗಿ ಹೋದ, ಗಾರೆಯವನು ಎದೆನೋವು ಬಂದು ಹೋದ ಎಂದೇ ನಂಬಿದ್ದರು. ಪ್ರತಿ ಮನೆಯಲ್ಲೂ ಅದು ಒಂದೊಂದೇ ಸಾವು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೂಡಿಸಿದಾಗ ಮಾತ್ರ ಅದು ವಿಪತ್ತಾಗಿ ಕಂಡಿತು. ಈ ಅಧ್ಯಯನ 2014ರಲ್ಲಿ ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಪಾಲಿಕೆ ಅಚ್ಚಾಗುವವರೆಗೆ ಕಾಯಲಿಲ್ಲ ಎಂಬುದು ಮೆಚ್ಚಬೇಕಾದ ಮಾತು. ನಮ್ಮಲ್ಲಿ ಸಾಮಾನ್ಯವಾಗಿ ವರದಿ ಬಂದ ಮೇಲೂ ಕಾಯುತ್ತಾರೆ.

ಇದೇ ಹೊತ್ತಿಗೆ ನಗರದ ಶಾರದಾಬೆನ್ ಆಸ್ಪತ್ರೆಯಿಂದ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಬಿಸಿಲಿನ ಕಾಲದಲ್ಲಿ ಅಲ್ಲಿನ ನವಜಾತ ಶಿಶುಗಳ ತುರ್ತು ನಿಗಾ ಘಟಕಕ್ಕೆ ಮೈ ಸುಡುವ ಕೂಸುಗಳು ಹೆಚ್ಚಾಗಿ ಬರುತ್ತಿದ್ದವು. ಹೊಸದಾಗಿ ಹುಟ್ಟಿದ ಮಗುವಿಗೆ ದೊಡ್ಡವರಂತೆ ಬೆವರಿ ತಣ್ಣಗಾಗುವ ಶಕ್ತಿ ಇರುವುದಿಲ್ಲ, ನೀರು ಬೇಕೆಂದು ಹೇಳಲೂ ಬಾರದು. 2009ರಿಂದ 2011ರವರೆಗಿನ ಬೇಸಿಗೆಗಳ ದಾಖಲೆ ನೋಡಿದಾಗ ಹೊರಗಿನ ಉಷ್ಣತೆ 42 ಡಿಗ್ರಿ ದಾಟಿದ ಮೇಲೆ ಪ್ರತಿ ಒಂದು ಡಿಗ್ರಿಗೆ ಇಂಥ ಕೂಸುಗಳ ದಾಖಲಾತಿ ನೂರಕ್ಕೆ 43ರಷ್ಟು ಹೆಚ್ಚುತ್ತಿತ್ತು. ಬಾಣಂತಿಯರ ವಾರ್ಡ್ ಇದ್ದದ್ದು ಕಟ್ಟಡದ ತುದಿಯ ಮಹಡಿಯಲ್ಲಿ, ಕಾದ ತಾರಸಿಯ ಕೆಳಗೆ. ಅದನ್ನು ಕೆಳಂತಸ್ತಿಗೆ ಇಳಿಸಿದರು. ಉಷ್ಣತೆಯ ವ್ಯತ್ಯಾಸವನ್ನು ಕಳೆದು ಲೆಕ್ಕ ಹಾಕಿದರೂ ದಾಖಲಾತಿ ನೂರಕ್ಕೆ 64ರಷ್ಟು ಇಳಿಯಿತು.

ಷಿಕಾಗೊ ನಗರದ ತುದಿ ಮಹಡಿಯ ವೃದ್ಧರು, ಅಹಮದಾಬಾದಿನ ತುದಿ ಮಹಡಿಯ ಕೂಸುಗಳು. ಎರಡು ಖಂಡಗಳು, ಒಂದೇ ತಾರಸಿ. ಈ ಇಡೀ ಕಥೆಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಟ್ಟ ಕೆಲಸ ಯಾವುದೆಂದರೆ ಮಂಚಗಳನ್ನು ಹೊತ್ತು ಮೆಟ್ಟಿಲಿಳಿದದ್ದು.

ಮೂರು ಬಣ್ಣದ ಎಚ್ಚರಿಕೆ

2013ರ ಬೇಸಿಗೆಗೆ ಯೋಜನೆ ಸಿದ್ಧವಾಯಿತು. ಅದರ ಹೃದಯ ಮೂರು ಅಂಕಿಗಳು. ಮುನ್ಸೂಚನೆ 41.1ರಿಂದ 43 ಡಿಗ್ರಿ ಇದ್ದರೆ ಹಳದಿ, 43.1ರಿಂದ 44.9 ಇದ್ದರೆ ಕಿತ್ತಳೆ, 45 ಮುಟ್ಟಿದರೆ ಕೆಂಪು. ಇವು ಕುರ್ಚಿಯಲ್ಲಿ ಕೂತು ಊಹಿಸಿದ ಅಂಕಿಗಳಲ್ಲ. ಯಾವ ಉಷ್ಣತೆಯಲ್ಲಿ ಊರಿನಲ್ಲಿ ಸಾವು ಏರತೊಡಗುತ್ತದೆ ಎಂದು ಹಳೆಯ ದಾಖಲೆಗಳಿಂದ ತಿಳಿದುಕೊಂಡು ಗೆರೆ ಎಳೆದದ್ದು. ಹಲವು ದಿನ ಮುಂಚಿತವಾಗಿ ಮುನ್ಸೂಚನೆ ಕೊಡುವ ಕೆಲಸದಲ್ಲಿ ಆರಂಭದಲ್ಲಿ ಅಮೆರಿಕದ ಜಾರ್ಜಿಯಾದ ಹವಾಮಾನ ತಜ್ಞರು ನೆರವಾದರು. ಮುಂದೆ ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಗಳು ಆ ಜಾಗ ತುಂಬಿದವು.

ಕೆಂಪು ಎಚ್ಚರಿಕೆ ಬಂತೆಂದರೆ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದು ಮೊದಲೇ ಬರೆದಿಟ್ಟಿದೆ. ಪಾಲಿಕೆಯ ಒಬ್ಬ ಅಧಿಕಾರಿ ಹೊಣೆಗಾರ. ಅವರಿಂದ ಆಸ್ಪತ್ರೆಗಳಿಗೆ, 108 ಆಂಬುಲೆನ್ಸ್ ಸೇವೆಗೆ, ನೀರು ಸರಬರಾಜಿಗೆ, ಪತ್ರಿಕೆ ಮತ್ತು ಆಕಾಶವಾಣಿಗೆ ಸಂದೇಶ ಹೋಗುತ್ತದೆ. ಆಸ್ಪತ್ರೆಗಳಲ್ಲಿ ಮಂಜುಗಡ್ಡೆ ಚೀಲ, ಸಲೈನ್ ಸಿದ್ಧವಿರಬೇಕು. ಉದ್ಯಾನಗಳ ಬೀಗ ಮಧ್ಯಾಹ್ನ ತೆಗೆದಿರಬೇಕು. ನೆರಳಿರುವ ಜಾಗವನ್ನು ಬಿಸಿಲೇರುವ ಹೊತ್ತಿಗೆ ಸರಿಯಾಗಿ ಮುಚ್ಚುವ ನಮ್ಮ ಊರುಗಳ ಪದ್ಧತಿ ಎಷ್ಟು ವಿಚಿತ್ರ ಎಂಬುದು ಆಗ ಹೊಳೆಯುತ್ತದೆ. ಕೂಲಿ ಕೆಲಸದ ವೇಳೆ ಬದಲಾಗಬೇಕು, ಅರವಟ್ಟಿಗೆಗಳು ಹೆಚ್ಚಬೇಕು, ಮಜ್ಜಿಗೆ ಹಂಚಬೇಕು. ವೈದ್ಯರಿಗೂ ದಾದಿಯರಿಗೂ ಬೇಸಿಗೆಗೆ ಮುಂಚೆ ತರಬೇತಿ. ಸಾವಿನ ಪತ್ರದಲ್ಲಿ ಏನು ಬರೆಯಬೇಕು ಎಂಬುದೂ ಅದರ ಒಂದು ಭಾಗ. ಎಣಿಸದ ಸಾವನ್ನು ಮುಂದಿನ ವರ್ಷ ತಡೆಯಲಾಗದು ಎಂಬ ಅರಿವು ಇದರ ಹಿಂದಿದೆ.

ಇದರಿಂದ ಫಲ ಸಿಕ್ಕಿತೇ? 2016ರ ಮೇ 20ರಂದು ಅಹಮದಾಬಾದಿನ ಪಾದರಸ 48 ಡಿಗ್ರಿ ಮುಟ್ಟಿ, 1916ರ 47.8 ಡಿಗ್ರಿಯ ನೂರು ವರ್ಷದ ದಾಖಲೆ ಮುರಿಯಿತು. 2010ರಂಥ ಸಾವಿನ ಸುದ್ದಿ ಬರಲಿಲ್ಲ. ಅಷ್ಟರಿಂದಲೇ ತೀರ್ಮಾನಿಸುವಂತಿಲ್ಲವೆಂದು ಸಂಶೋಧಕರು ಮತ್ತೆ ನೋಂದಣಿ ಪುಸ್ತಕಕ್ಕೆ ಹೋದರು. ಯೋಜನೆಗೆ ಮೊದಲಿನ 2007ರಿಂದ 2010ರ ಅವಧಿಯನ್ನು ನಂತರದ 2014 ಮತ್ತು 2015ರ ಜೊತೆ ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿದೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಅದೇ ಅಧ್ಯಯನ ನಿಜವಾದ ಅಂಕಿ 162ರಷ್ಟು ಕಡಿಮೆಯೂ, 2,218ರಷ್ಟು ಹೆಚ್ಚೂ ಇರಬಹುದು ಎನ್ನುತ್ತದೆ. ಎಷ್ಟು ಜೀವ ಉಳಿಯಿತೆಂದು ಖಚಿತವಾಗಿ ಹೇಳುವುದು ಕಷ್ಟ. ಉಳಿಯಿತು ಎಂಬುದರಲ್ಲಿ ಹೆಚ್ಚು ಸಂಶಯವಿಲ್ಲ.

ಎಚ್ಚರಿಕೆಯ ಜೊತೆಗೆ ಮಾಡಿನ ಕಡೆಗೂ ಗಮನ ಹೋಯಿತು. 2017ರಲ್ಲಿ ಪಾಲಿಕೆ ಸುಮಾರು 3,000 ಬಡವರ ಮನೆಗಳ ಮಾಡಿಗೆ ಬಿಳಿ ಬಳಿಸಿತು. ಬಿಳಿ ಮಾಡು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಒಳಗಿನ ಶಾಖ ಕೆಲವು ಡಿಗ್ರಿ ಇಳಿಯುತ್ತದೆ. ಒಂದು ಬಕೆಟ್ ಸುಣ್ಣದ ಕೆಲಸ. ಆದರೆ ಧೂಳೂರಿನಲ್ಲಿ ಬಿಳಿ ಬಹಳ ದಿನ ಬಿಳಿಯಾಗಿ ಉಳಿಯುವುದಿಲ್ಲ. ಮತ್ತೆ ಮತ್ತೆ ಬಳಿಯಬೇಕು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಈ ಸಂಶೋಧನೆ ಹೊಸದೆನಿಸಲಾರದು. ಮೊಳದುದ್ದ ಮಣ್ಣಿನ ಮಾಳಿಗೆ ಬಿಸಿಲನ್ನು ಸಂಜೆಯವರೆಗೆ ತಡೆದಿಡುತ್ತಿತ್ತು. ಅಂಥ ಮನೆ ಕೆಡವಿ ಆರ್‌ಸಿಸಿ ಹಾಕಿಸಿದವರು ಈಗ ಕೂಲರ್ ಕೊಳ್ಳುತ್ತಾರೆ.

ಊರಿಗೊಂದು ಗೆರೆ

ಅಹಮದಾಬಾದಿನ ಮಾದರಿ ಬೇಗ ಹರಡಿತು. ನಾಗಪುರ ಅನುಸರಿಸಿತು. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಎಲ್ಲ ರಾಜ್ಯಗಳಿಗೂ ಮಾರ್ಗಸೂಚಿ ಕೊಟ್ಟಿತು. ಅದಕ್ಕೆ ಹಿಂದಿನ ವರ್ಷ, 2015ರಲ್ಲಿ, ಆಂಧ್ರ ಮತ್ತು ತೆಲಂಗಾಣಗಳಲ್ಲೇ ಹೆಚ್ಚಾಗಿ ದೇಶದಲ್ಲಿ 2,000ಕ್ಕೂ ಮೀರಿ ಮಂದಿ ಬಿಸಿಲಿಗೆ ಬಲಿಯಾಗಿದ್ದರು. ಈಗ ಬಿಸಿಲು ಹೆಚ್ಚಿರುವ ರಾಜ್ಯಗಳಲ್ಲೆಲ್ಲ ಯೋಜನೆಯ ಕಡತವಿದೆ.

ಹರಡುವಾಗ ಮಾತ್ರ ಒಂದು ಎಡವಟ್ಟಾಯಿತು. ಯೋಜನೆಯ ರೂಪ ಹೋಯಿತು, ಅದರ ಬೇರಿನಲ್ಲಿದ್ದ ಲೆಕ್ಕ ಹೋಗಲಿಲ್ಲ. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ 2023ರಲ್ಲಿ ನಗರ, ಜಿಲ್ಲೆ, ರಾಜ್ಯ ಮಟ್ಟದ 37 ಯೋಜನೆಗಳನ್ನು ಓದಿ ನೋಡಿತು. ಊರಿನಲ್ಲಿ ಯಾರು ಹೆಚ್ಚು ಅಪಾಯದಲ್ಲಿದ್ದಾರೆ ಎಂದು ವ್ಯವಸ್ಥಿತವಾಗಿ ಅಳೆದಿದ್ದವು ಎರಡೇ ಎರಡು. ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಸ್ತಾಪವಿದ್ದದ್ದು 11ರಲ್ಲಿ. ತಮ್ಮ ಊರಿಗೇ ತಕ್ಕ ಉಷ್ಣತೆಯ ಗೆರೆ ಎಳೆದುಕೊಂಡಂತೆ ಕಂಡದ್ದು ಕೇವಲ ಹತ್ತು.

ಗೆರೆ ಯಾಕೆ ಬೇರೆ ಬೇರೆ ಇರಬೇಕು ಎಂಬುದಕ್ಕೆ ಕರ್ನಾಟಕಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹವಾಮಾನ ಇಲಾಖೆ ಬಿಸಿಗಾಳಿ ಘೋಷಿಸಲು ಬಯಲು ಸೀಮೆಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37, ಗುಡ್ಡಗಾಡಿಗೆ 30 ಎಂದು ಇಟ್ಟುಕೊಂಡಿದೆ. ಕಲಬುರಗಿ, ಮಂಗಳೂರು, ಮಡಿಕೇರಿ ಮೂರೂ ಒಂದೇ ರಾಜ್ಯದಲ್ಲಿವೆ. ಕಲಬುರಗಿಯ ಒಣ ಬಿಸಿಲಿನಲ್ಲಿ ಬೆವರು ಆರುತ್ತದೆ, ಮೈ ತಣ್ಣಗಾಗುತ್ತದೆ. ಮಂಗಳೂರಿನ ತೇವದ ಹವೆಯಲ್ಲಿ ಬೆವರು ಆರುವುದೇ ಇಲ್ಲ. ಅಲ್ಲಿ 36 ಡಿಗ್ರಿಯೂ ಹೃದಯಕ್ಕೆ ಭಾರ. ಇನ್ನು ಬೆಂಗಳೂರು. 2016ರ ಏಪ್ರಿಲ್ 24ರಂದು ಅಲ್ಲಿ 39.2 ಡಿಗ್ರಿ ದಾಖಲಾಯಿತು. ಬಯಲು ಸೀಮೆಯ ಲೆಕ್ಕದಲ್ಲಿ ಅದು ಬಿಸಿಗಾಳಿಯ ಹೊಸ್ತಿಲನ್ನೂ ದಾಟಲಿಲ್ಲ. ಫ್ಯಾನು ಬೇಡದ ಊರು ಎಂದು ಹೆಸರಾಗಿದ್ದ ನಗರದ ಮೈ ಅದಕ್ಕೆ ಒಗ್ಗಿದೆಯೇ ಎಂಬುದು ಬೇರೆ ಪ್ರಶ್ನೆ. ಷಿಕಾಗೊ ತೋರಿಸಿದ್ದು ಅದನ್ನೇ: ಊರನ್ನು ಕೊಲ್ಲುವುದು ಅಂಕಿಯಲ್ಲ, ಅಂಕಿಗೆ ಒಗ್ಗದಿರುವುದು.

ಕರ್ನಾಟಕಕ್ಕೆ ಅಳೆಯುವ ಅಭ್ಯಾಸ ಇಲ್ಲದೆ ಇಲ್ಲ. ಬರಗಾಲದ ಮೇಲೆ ಕಣ್ಣಿಡಲು 1988ರಲ್ಲೇ ಬರ ನಿಗಾ ಘಟಕವೊಂದನ್ನು ಸ್ಥಾಪಿಸಿದ ರಾಜ್ಯ ಇದು. ಅದೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಬೇಸಿಗೆ ಬಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ಬಿಸಿಲಿಗೆ ತಲೆಬಾಗಿ ವೇಳಾಪಟ್ಟಿ ಬದಲಿಸುವ ಈ ರೂಢಿ ಅಹಮದಾಬಾದಿನ ಯೋಜನೆಗಿಂತ ಹಳೆಯದು, ಮತ್ತು ಒಳ್ಳೆಯದು. ಆದರೆ ಆ ಆದೇಶ ಅನ್ವಯವಾಗುವುದು ಫ್ಯಾನಿನ ಕೆಳಗೆ ಕೂರುವ ನೌಕರರಿಗೆ. ಷಹಾಬಾದ್ ಕಲ್ಲಿನ ಗಣಿಯಲ್ಲಿ, ತೊಗರಿ ಚೀಲ ಹೊರುವ ಮಾರುಕಟ್ಟೆಯಲ್ಲಿ, ರಸ್ತೆಗೆ ಡಾಂಬರು ಹಾಕುವ ಕಡೆ ಇರುವವರ ಗಡಿಯಾರ ಬೇರೆ.

ಈಚೆಗೆ ಸಂಶೋಧಕರ ಗಮನ ಹಗಲಿನಿಂದ ಇರುಳಿನ ಕಡೆಗೆ ತಿರುಗಿದೆ. ಹೊವಾರ್ಡ್ 1818ರಲ್ಲಿ ಬರೆದಿಟ್ಟದ್ದು ಇದೇ: ಪಟ್ಟಣದ ಶಾಖ ಇರುಳಿನದು. ಹಗಲೆಲ್ಲ ಬಿಸಿಲಲ್ಲಿ ದುಡಿದ ಮೈಗೆ ರಾತ್ರಿಯಾದರೂ ತಂಪು ಸಿಕ್ಕರೆ ಹೃದಯ ಸುಧಾರಿಸಿಕೊಳ್ಳುತ್ತದೆ. ಸಿಗದಿದ್ದರೆ ಮರುದಿನದ ಬಿಸಿಲು ಇನ್ನಷ್ಟು ದುಬಾರಿ. ತಗಡಿನ ಮಾಡಿನ ಮನೆಯೊಳಗೆ ರಾತ್ರಿ ಎರಡು ಗಂಟೆಗೆ ಎಷ್ಟು ಡಿಗ್ರಿ ಇರುತ್ತದೆ ಎಂಬುದನ್ನು ವಿಮಾನ ನಿಲ್ದಾಣದ ಉಷ್ಣಮಾಪಕ ಹೇಳಲಾರದು. ಅಹಮದಾಬಾದಿನ ಮೊದಲ ಯೋಜನೆಯ ಮೂರು ಬಣ್ಣಗಳೂ ಹಗಲಿನ ಗರಿಷ್ಠ ಉಷ್ಣತೆಯ ಮೇಲೆ ನಿಂತಿದ್ದವು. ಇರುಳಿಗೆ ಯಾವ ಅಂಕಿಯ ಬಳಿ ಗೆರೆ ಎಳೆಯಬೇಕು ಎಂಬುದಕ್ಕೆ ಪ್ರತಿ ಊರೂ ತನ್ನ ಮರಣ ನೋಂದಣಿಯನ್ನು ಮತ್ತೊಮ್ಮೆ ತೆರೆದು ನೋಡಬೇಕಾಗುತ್ತದೆ.